ಸೂಕ್ಷ್ಮಧ್ವನಿ ಮುದ್ರಿಕೆಗಳೂ ಮೂಲಪ್ರತಿಯ ಪ್ರಶ್ನೆಯೂ

ಹಳೆಯ ಕಾವ್ಯವೊಂದರ ಎರಡು ಮುದ್ರಣಗಳು ನಮ್ಮ ಮುಂದಿವೆಯೆಂದು ಭಾವಿಸೋಣ. ಒಂದು ನಯವಾದ ಕಾಗದದ ಮೇಲೆ ಅಂದವಾದ ಅಕ್ಷರಗಳಲ್ಲಿ ಅಚ್ಚಾದದ್ದು; ಇನ್ನೊಂದು ಸಾಧಾರಣವಾದದ್ದು. ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ, ಗ್ರಂಥಸಂಪಾದನೆಯ ಪರಿಚಯವುಳ್ಳ ಯಾವ ವಿದ್ಯಾರ್ಥಿಯೂ ಕಾಗದವನ್ನು ಮುಟ್ಟಿನೋಡಿ ಉತ್ತರ ಹೇಳುವುದಿಲ್ಲ. ಸಂಪಾದಕರು ಯಾವ ಓಲೆಪ್ರತಿಗಳನ್ನು ಆಧಾರವಾಗಿಟ್ಟುಕೊಂಡರು, ಪಾಠಗಳನ್ನು ಎಷ್ಟು ಎಚ್ಚರದಿಂದ ನಿರ್ಣಯಿಸಿದರು ಎಂಬುದನ್ನು ಮೊದಲು ನೋಡುತ್ತಾನೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳನ್ನು ಕೊಳ್ಳುವಾಗ ಮಾತ್ರ ಈ ವಿವೇಕ ನಮ್ಮ ಕೈಬಿಡುತ್ತದೆ. ಹೊದಿಕೆಯ ಮೇಲಿನ ಅಂಕಿಗಳು ದೊಡ್ಡವಾದಷ್ಟೂ ಒಳಗಿನ ಸಂಗೀತ ಉತ್ತಮವಾಗಿರುತ್ತದೆಂದು ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಅಂಕಿಗಳ ಅರ್ಥವನ್ನು ತಿಳಿಯಬೇಕು. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್, ಎಂದರೆ ಸಿ.ಡಿ., ನಾದದ ಅಲೆಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೧೬ ಬಿಟ್‌ಗಳಲ್ಲಿ ಬರೆದಿಡುತ್ತದೆ. ಇದರಿಂದ ಸೆಕೆಂಡಿಗೆ ಸುಮಾರು ೨೨,೦೦೦ ಕಂಪನಗಳವರೆಗಿನ ನಾದವೆಲ್ಲ ಉಳಿದುಬರುತ್ತದೆ. ಎಳೆಯ ವಯಸ್ಸಿನ ಚುರುಕಾದ ಕಿವಿಯ ಎಲ್ಲೆಯೂ ೨೦,೦೦೦ದ ಆಸುಪಾಸಿನಲ್ಲಿಯೇ ಇದೆ. ವಯಸ್ಸಾದಂತೆ ಅದು ಇನ್ನೂ ಕೆಳಗಿಳಿಯುತ್ತದೆ. ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ೧೯೯೯ರಲ್ಲಿ ಹೊರತಂದ ಸೂಪರ್ ಆಡಿಯೊ ಸಿ.ಡಿ. ಬೇರೊಂದು ವಿಧಾನವನ್ನು ಹಿಡಿಯಿತು. ಅದರಲ್ಲಿ ಅಳತೆ ಒಂದೇ ಬಿಟ್‌ನದು. ಆದರೆ ಸೆಕೆಂಡಿಗೆ ೨೮,೨೨,೪೦೦ ಸಲ. ಮರುವರ್ಷ ಬಂದ ಡಿ.ವಿ.ಡಿ. ಆಡಿಯೊ ೨೪ ಬಿಟ್‌ಗಳಲ್ಲಿ ಸೆಕೆಂಡಿಗೆ ೧,೯೨,೦೦೦ ಸಲದವರೆಗೆ ಅಳೆಯಬಲ್ಲದ್ದಾಗಿತ್ತು. ಇವೆಲ್ಲ ಪಾತ್ರೆಯ ಅಳತೆಗಳು. ಪಾತ್ರೆಯಲ್ಲಿ ಏನಿದೆಯೆಂಬುದು ಬೇರೆಯೇ ಪ್ರಶ್ನೆ.

ಈ ಹೆಚ್ಚಿನ ಅಳತೆ ಕಿವಿಗೆ ಗೋಚರವಾಗುತ್ತದೆಯೆ? ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬುವರು ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಸ್ಮರಣೀಯವಾಗಿದೆ. ಸೂಕ್ಷ್ಮಧ್ವನಿಯ ಡಿಸ್ಕಿನಿಂದ ಬಂದ ನಾದವನ್ನು ಒಮ್ಮೆ ನೇರವಾಗಿಯೂ, ಒಮ್ಮೆ ಸಿ.ಡಿ.ಯ ಅಳತೆಗೆ ಇಳಿಸಿಯೂ ಕೇಳಿಸಿದರು; ಯಾವುದು ಯಾವುದೆಂದು ಕೇಳುಗರಿಗೆ ತಿಳಿಸಲಿಲ್ಲ. ಕೇಳುಗರಲ್ಲಿ ಧ್ವನಿಮುದ್ರಣವನ್ನೇ ವೃತ್ತಿಯಾಗಿ ಉಳ್ಳವರೂ ಇದ್ದರು. ೫೫೪ ಪ್ರಯತ್ನಗಳಲ್ಲಿ ಸರಿಯಾದ ಉತ್ತರಗಳು ೨೭೬. ನಾಣ್ಯವನ್ನು ಚಿಮ್ಮಿ ಉತ್ತರ ಹೇಳಿದ್ದರೂ ಫಲ ಇಷ್ಟೇ ಆಗುತ್ತಿತ್ತು. ಧ್ವನಿಯನ್ನು ಅಸಹಜವಾಗಿ ಏರಿಸಿದಾಗ ಮಾತ್ರ ಸಿ.ಡಿ.ಯ ತಳದ ಸದ್ದು ಕೇಳಿಸಿತು. ಆದರೆ ವಿಷಯ ಇಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ೨೦೧೬ರಲ್ಲಿ ಜೋಷುವ ರೀಸ್ ಅವರು ಇಂಥ ೧೮ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರಗಳ ಪ್ರಮಾಣ ನೂರಕ್ಕೆ ೫೨.೩ ಆಯಿತು, ತರಬೇತಿ ಪಡೆದ ಕೇಳುಗರಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಭೇದವಿದ್ದರೂ ಅದು ಕೂದಲೆಳೆಯಷ್ಟು ಎಂಬುದು ಇವೆರಡರಿಂದ ಹೊರಡುವ ತಾತ್ಪರ್ಯ.

ಹಾಗಾದರೆ ಈ ಮುದ್ರಿಕೆಗಳನ್ನು ಮೆಚ್ಚುವವರೆಲ್ಲರೂ ಭ್ರಾಂತರೆ? ಹಾಗೆನ್ನುವುದು ಅವಸರದ ಮಾತಾದೀತು. ಮೇಯರ್ ಮತ್ತು ಮೊರಾನ್ ಅವರೇ ಇನ್ನೊಂದು ಸಂಗತಿಯನ್ನು ಗುರುತಿಸಿದ್ದಾರೆ: ಸೂಕ್ಷ್ಮಧ್ವನಿಯ ಡಿಸ್ಕುಗಳು ಬಹುಪಾಲು ಸಿ.ಡಿ.ಗಳಿಗಿಂತ ಚೆನ್ನಾಗಿಯೇ ಕೇಳಿಸುತ್ತವೆ. ಇದಕ್ಕೆ ಅವರು ಕಂಡ ಕಾರಣ ತಯಾರಿಕೆಯಲ್ಲಿನ ಶ್ರದ್ಧೆ. ಬಲ್ಲ ಕೇಳುಗರಿಗಾಗಿ ಸಿದ್ಧವಾಗುವ ಈ ಡಿಸ್ಕುಗಳಲ್ಲಿ ಮೆಲುದನಿಯನ್ನು ಏರಿಸಿ, ಗಟ್ಟಿದನಿಯನ್ನು ತಗ್ಗಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಚಪಲ ಕಡಮೆ. ಎಂದರೆ ನಾವು ಮೆಚ್ಚಿದ್ದು ಸಂಪಾದಕನ ಕೆಲಸವನ್ನು, ಹೊಗಳಿದ್ದು ಕಾಗದವನ್ನು.

ಸಂಪಾದಕನ ಕೆಲಸಕ್ಕೆ ಒಂದು ಉತ್ತಮ ನಿದರ್ಶನವಿದೆ. ಅಮೆರಿಕದ ಆರ್.ಸಿ.ಎ. ಸಂಸ್ಥೆ ೧೯೫೪ರಲ್ಲಿ ಬಾಸ್ಟನ್ ಮತ್ತು ಷಿಕಾಗೊ ನಗರಗಳ ವಾದ್ಯವೃಂದಗಳೊಡನೆ ಸ್ಟೀರಿಯೊ ಮುದ್ರಣಕ್ಕೆ ತೊಡಗಿತು. ಮುಂದಿನ ವರ್ಷಗಳ ಅನೇಕ ಮುದ್ರಣಗಳನ್ನು ಎಡ, ನಡು, ಬಲ ಎಂದು ಮೂರು ಚಾನೆಲ್‌ಗಳಲ್ಲಿ ಟೇಪಿಗೆ ಇಳಿಸಿದರು. ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಎರಡಕ್ಕೆ ಮಾತ್ರ ಎಡೆಯಿದ್ದುದರಿಂದ ನಡುವಿನದು ಉಳಿದೆರಡರಲ್ಲಿ ಬೆರೆತುಹೋಯಿತು. ೨೦೦೪ರಿಂದ ಇವು ಸೂಪರ್ ಆಡಿಯೊ ಸಿ.ಡಿ.ಗಳಾಗಿ ಮರುಪ್ರಕಟವಾದಾಗ, ಮೂರು ಚಾನೆಲ್‌ಗಳಿದ್ದ ಮುದ್ರಣಗಳನ್ನು ಮೂರರಲ್ಲಿಯೇ ಕೇಳುವುದು ಸಾಧ್ಯವಾಯಿತು. ಅರ್ಧ ಶತಮಾನದ ಹಿಂದಿನ ಮೂಲಪ್ರತಿಯ ಲುಪ್ತಪಾಠವೊಂದು ದೊರೆತಂತಾಯಿತು. ಬರ್ಲಿಯೋಜ್‌ನ ರೆಕ್ವಿಯಮ್ಮಿನಂಥ ಕೃತಿಯಲ್ಲಿ ಈ ಲಾಭ ಮತ್ತಷ್ಟು ಸ್ಪಷ್ಟ. ೧೮೩೭ರ ಈ ಕೃತಿ ನಾಲ್ಕು ದಿಕ್ಕಿಗೆ ನಾಲ್ಕು ಹಿತ್ತಾಳೆವಾದ್ಯಗಳ ತಂಡಗಳನ್ನು ಬೇಡುತ್ತದೆ. ೨೦೧೨ರಲ್ಲಿ ಸರ್ ಕಾಲಿನ್ ಡೇವಿಸ್ ಅದನ್ನು ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯಲ್ಲಿ ನಡೆಸಿದಾಗ ಮಾಡಿದ ಮುದ್ರಣವನ್ನು ಹಲವು ಧ್ವನಿವರ್ಧಕಗಳ ಮೂಲಕ ಕೇಳುವವನಿಗೆ, ಆ ದಿಕ್ಕುಗಳೂ ಸಂಗೀತದ ಅಂಗವೆಂದು ತಿಳಿಯುತ್ತದೆ. ಇದು ಎಣಿಕೆಗೆ ಸಿಗುವ, ಯಾವ ಕಿವಿಯೂ ಒಪ್ಪುವ ಭೇದ.

ಇದಕ್ಕೆ ಎದುರಾದ ನಿದರ್ಶನವೊಂದು ನಮ್ಮ ಮೈಸೂರಿಗೇ ಸಂಬಂಧಿಸಿದ್ದು. ರಿಚರ್ಡ್ ಸ್ಟ್ರಾಸ್‌ನ ‘ಕಡೆಯ ನಾಲ್ಕು ಹಾಡುಗಳು’ ಮೊದಲ ಬಾರಿಗೆ ಕೇಳಿಬಂದದ್ದು ೧೯೫೦ರ ಮೇ ೨೨ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಕರ್ತೃ ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದನು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಈ ಕಛೇರಿಗೆ ಹಣದ ಭರವಸೆ ಕೊಟ್ಟವರು ಶ್ರೀ ಜಯಚಾಮರಾಜ ಒಡೆಯರು. ತಾವು ಹೋಗಲಾಗದಿದ್ದುದರಿಂದ ಮುದ್ರಣವನ್ನು ಮೈಸೂರಿಗೆ ತರಿಸಿಕೊಳ್ಳುವುದು ಅವರ ಅಪೇಕ್ಷೆಯಾಗಿತ್ತು. ಮುದ್ರಣವಾದದ್ದು ಬೇಗ ಸವೆಯುವ ಅಸಿಟೇಟ್ ತಟ್ಟೆಗಳಲ್ಲಿ. ಅವು ಸವೆದ ಮೇಲೆ ಮಾಡಿದ ಮೊದಲ ಎಲ್.ಪಿ. ತೀರ ಕಳಪೆಯಾಗಿತ್ತು. ೨೦೦೭ರಲ್ಲಿಯೂ ೨೦೧೪ರಲ್ಲಿಯೂ ಪರಿಣತರು ಅದನ್ನು ಪರಿಷ್ಕರಿಸಿದ ಮೇಲೆ ಕೇಳುವಂತಾಗಿದೆ. ಇದನ್ನು ಎಷ್ಟು ದೊಡ್ಡ ಪಾತ್ರೆಯಲ್ಲಿ ತುಂಬಿದರೂ ಸವೆದುಹೋದ ನಾದ ಮರಳದು. ಗೊರಗೊರ ಸದ್ದೇ ಇನ್ನಷ್ಟು ನಿಷ್ಠೆಯಿಂದ ಕೇಳಿಸೀತು. ಗೆದ್ದಲು ತಿಂದ ಗರಿಯನ್ನು ಎಷ್ಟು ನಯವಾದ ಕಾಗದದಲ್ಲಿ ಅಚ್ಚುಹಾಕಿದರೇನು? ಆದರೂ ಆ ಗರಿಯನ್ನು ಬಿಸಾಡುವವರುಂಟೆ? ಅಂಕಿಯನ್ನೇ ಪ್ರಮಾಣವಾಗಿಟ್ಟುಕೊಂಡ ಸಂಗ್ರಹಕಾರನ ಕಪಾಟಿನಲ್ಲಿ ಈ ಮುದ್ರಿಕೆಗೆ ಎಡೆಯೇ ಇರುವುದಿಲ್ಲ. ಅಂಥ ಕಪಾಟಿನಲ್ಲಿ ಸಂಗೀತದ ಇತಿಹಾಸಕ್ಕೂ ಎಡೆಯಿಲ್ಲವೆಂದೇ ತಿಳಿಯಬೇಕು.

ಕಾಲೇಜಿನ ಗ್ರಂಥಭಂಡಾರಗಳಿಗೆ ಮುದ್ರಿಕೆ ಕೊಳ್ಳಲು ದೊರೆಯುವ ಹಣ ಅಲ್ಪ. ಅದನ್ನು ವೆಚ್ಚಮಾಡುವ ಅಧ್ಯಾಪಕರು ಮೂರು ಅಂಶಗಳನ್ನು ವಿಚಾರಿಸಿದರೆ ಸಾಕು: ಮೂಲಮುದ್ರಣ ಯಾವ ವರ್ಷದ್ದು, ಹೇಗೆ ಆದದ್ದು, ಈ ಪ್ರಕಟಣೆ ಮೂಲ ಟೇಪಿನಿಂದ ಹೊಸದಾಗಿ ಸಿದ್ಧವಾದದ್ದೆ, ಹಳೆಯ ನಕಲಿನ ನಕಲೆ, ಎರಡಕ್ಕಿಂತ ಹೆಚ್ಚು ಚಾನೆಲ್‌ಗಳು ಮೂಲದಲ್ಲಿಯೇ ಇದ್ದವೆ. ಸೂಪರ್ ಆಡಿಯೊ ಸಿ.ಡಿ.ಗಳಲ್ಲಿ ಹಲವು ಎರಡು ಪದರಗಳುಳ್ಳವು. ಅವುಗಳ ಸಿ.ಡಿ. ಪದರ ಸಾಧಾರಣ ಪ್ಲೇಯರಿನಲ್ಲಿಯೂ ನುಡಿಯುತ್ತದೆ. ಸೂಕ್ಷ್ಮಪದರಕ್ಕೆ ಪ್ರತ್ಯೇಕ ಪ್ಲೇಯರ್ ಬೇಕು. ಅದಿಲ್ಲದ ಕಡೆ ಹೆಚ್ಚು ಬೆಲೆ ತೆರುವ ಮುನ್ನ ಇದನ್ನು ನೆನೆಯಬೇಕು. ಇಷ್ಟನ್ನು ವಿಚಾರಿಸಿ ಕೊಂಡ ಡಿಸ್ಕಿನ ಮೇಲೆ ಯಾವ ಅಂಕಿಯಿದ್ದರೂ ಚಿಂತೆಯಿಲ್ಲ. ಓಲೆಗರಿಗಳನ್ನು ಓದಿ ನಾವು ಕಲಿತ ಎಚ್ಚರವನ್ನೇ ಕಿವಿಗೂ ಕಲಿಸಿದರೆ, ಮೋಸಹೋಗುವ ಸಂಭವ ಕಡಮೆ.