ಮತ್ಸ್ಯನ್ಯಾಯವೂ ವಿಕ್ಟೋರಿಯಾ ಸರೋವರವೂ

ಹಿರಿಯ ಮೀನು ಕಿರಿಯ ಮೀನನ್ನು ನುಂಗುವುದೆಂಬ ಮತ್ಸ್ಯನ್ಯಾಯವನ್ನು ನಮ್ಮ ಪ್ರಾಚೀನ ಶಾಸ್ತ್ರಕಾರರು ರಾಜನೀತಿಯ ದೃಷ್ಟಾಂತವಾಗಿ ಬಳಸಿದರು. ಮೀನುಗಳ ನಡುವೆಯೇ ಆ ನ್ಯಾಯವು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ವಿಚಾರಿಸಲೆಳಸುವವರಿಗೆ ಡಚ್ ಜೀವಶಾಸ್ತ್ರಜ್ಞರಾದ ಟೈಸ್ ಗೋಲ್ಡ್‌ಸ್ಮಿಟ್‌ರವರ ಗ್ರಂಥವು ಒಳ್ಳೆಯ ಆಧಾರವಾಗಿದೆ. ೧೯೯೪ರಲ್ಲಿ ಡಚ್ ಭಾಷೆಯಲ್ಲಿ ಹೊರಬಂದ ಇದು ೧೯೯೬ರಲ್ಲಿ ‘ಡಾರ್ವಿನ್ಸ್ ಡ್ರೀಮ್‌ಪಾಂಡ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಪರಿವರ್ತಿತವಾಯಿತು. ಅನಂತರದ ಸಂಶೋಧನೆಗಳ ಬೆಳಕಿನಲ್ಲಿ ಇದನ್ನು ಮರಳಿ ತೂಗಿ ನೋಡುವುದು ಉಚಿತವಾಗಿದೆ.

ಟಾಂಜಾನಿಯಾ, ಉಗಾಂಡಾ, ಕೀನ್ಯಾ ದೇಶಗಳ ನಡುವೆ ಸುಮಾರು ೬೮,೮೦೦ ಚದರ ಕಿಲೋಮೀಟರುಗಳಷ್ಟು ಹರಡಿರುವ ವಿಕ್ಟೋರಿಯಾ ಸರೋವರದಲ್ಲಿ, ‘ಫೂರು’ ಎಂದು ಅಲ್ಲಿನವರು ಕರೆಯುವ ಸಣ್ಣ ಮೀನುಗಳ ಐನೂರಕ್ಕೂ ಮಿಕ್ಕ ಜಾತಿಗಳಿದ್ದುವು. ಬಂಡೆಯ ಪಾಚಿಯನ್ನು ಕೆರೆದು ತಿನ್ನುವುವು, ಬಸವನಹುಳುವಿನ ಚಿಪ್ಪನ್ನು ಒಡೆಯುವುವು, ತಳದ ಕೆಸರಿನಲ್ಲಿ ಕೊಳೆತುದನ್ನು ಉಣ್ಣುವುವು, ಅನ್ಯ ಮೀನಿನ ಮರಿಗಳನ್ನು ಕದ್ದು ತಿನ್ನುವುವು—ಹೀಗೆ ಒಂದೊಂದಕ್ಕೂ ಒಂದೊಂದು ವೃತ್ತಿ. ಈ ಎಲುಬುಮೀನುಗಳನ್ನು ಬೆಲೆಬಾಳುವ ಮಾಂಸವನ್ನಾಗಿ ಮಾರ್ಪಡಿಸಬೇಕೆಂಬ ಉದ್ದೇಶದಿಂದ, ೧೯೫೦ರ ದಶಕದಿಂದ ೧೯೬೦ರ ದಶಕದ ಆದಿಯವರೆಗೆ ‘ನೈಲ್ ಪರ್ಚ್’ ಎಂಬ ಹೆಮ್ಮೀನನ್ನು ಅಲ್ಲಿ ಬಿಡಲಾಯಿತು. ಬಹುಕಾಲ ವಿರಳವಾಗಿದ್ದ ಅದು ೧೯೮೦ರ ದಶಕದಲ್ಲಿ ಸರೋವರವನ್ನೆಲ್ಲ ವ್ಯಾಪಿಸಿತು. ಫೂರುಗಳಲ್ಲಿ ಸುಮಾರು ಇನ್ನೂರು ಜಾತಿಗಳು ಕಾಣದಾದುವು. ಅವುಗಳನ್ನು ಅಭ್ಯಸಿಸಲೆಂದೇ ಮ್ವಾಂಜಾ ಕೊಲ್ಲಿಗೆ ಹೋಗಿದ್ದ ಲೈಡನ್ ವಿಶ್ವವಿದ್ಯಾನಿಲಯದ ಸಂಶೋಧಕರಲ್ಲಿ ಗ್ರಂಥಕರ್ತರೂ ಒಬ್ಬರು. ತಮ್ಮ ಅಧ್ಯಯನದ ವಿಷಯವೇ ಬಲೆಯಿಂದ ಮರೆಯಾಗುವುದನ್ನು ಕಂಡವರ ವ್ಯಥೆಯು ಗ್ರಂಥಕ್ಕೆ ಜೀವವನ್ನು ತುಂಬಿದೆ.

ಭಕ್ಷಕನು ಬೇಟೆಯನ್ನೆಲ್ಲ ಮುಗಿಸಿದರೆ ತಾನೂ ಹಸಿವಿನಿಂದ ಅಳಿಯಬೇಕೆಂಬುದು ಮತ್ಸ್ಯನ್ಯಾಯದಿಂದ ನಾವು ಊಹಿಸಬಹುದಾದ ಫಲ. ಇಲ್ಲಿ ಹಾಗಾಗಲಿಲ್ಲ. ಕೊಳೆತುದನ್ನು ಉಣ್ಣುತ್ತಿದ್ದ ಫೂರುಗಳ ಸ್ಥಾನದಲ್ಲಿ ಸಣ್ಣ ಸೀಗಡಿಯು ಹೆಚ್ಚಿತು. ತೇಲುವ ಸೂಕ್ಷ್ಮಪ್ರಾಣಿಗಳನ್ನು ತಿನ್ನುವ ‘ದಗಾ’ ಮೀನೂ ವೃದ್ಧಿಸಿತು. ಪರ್ಚು ಇವೆರಡನ್ನೂ, ತನ್ನ ಮರಿಗಳನ್ನೂ ತಿಂದು ಬದುಕಿತು. ನೂರಾರು ಎಳೆಗಳ ನೇಯ್ಗೆಯೊಂದು ನಾಲ್ಕೈದು ಹುರಿಗಳ ಬಲೆಯಾಗಿ ನಿಂತಿತು.

ಆದರೆ ಕಾರಣದ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವುಂಟು. ಪಾಚಿಯನ್ನೂ ಕೊಳೆತುದನ್ನೂ ತಿನ್ನುವ ಮೀನುಗಳು ಅಳಿದುದರಿಂದಲೇ ನೀರು ಹಸುರಾಗಿ, ಆಳದಲ್ಲಿ ಪ್ರಾಣವಾಯುವು ಕ್ಷೀಣಿಸಲು ಎಡೆಯಾಗಿರಬಹುದೆಂದು ಗ್ರಂಥಕರ್ತರೂ ಅವರ ಸಹೋದ್ಯೋಗಿಗಳಾದ ವಿಟೆ, ವಾನಿಂಕ್‌ರವರೂ ೧೯೯೩ರಲ್ಲಿ ಸೂಚಿಸಿದ್ದರು. ೨೦೦೨ರಲ್ಲಿ ವೆರ್ಶೂರೆನ್ ಮೊದಲಾದವರು ಸರೋವರದ ತಳದ ಹೂಳನ್ನು ಪರೀಕ್ಷಿಸಿ, ಪಾಚಿಯ ವೃದ್ಧಿಯು ೧೯೩೦ರ ದಶಕದಿಂದಲೇ, ದಡದ ಜನಸಂಖ್ಯೆಯೊಡನೆಯೂ ಬೇಸಾಯದೊಡನೆಯೂ ಹೆಚ್ಚಿತೆಂದು ತೋರಿಸಿರುವರು. ಎಂದರೆ ಈ ಮಾರ್ಪಾಡು ಪರ್ಚಿಗಿಂತ ಹಿಂದಿನದು. ಬಣ್ಣವನ್ನು ನೋಡಿ ಜೊತೆಯನ್ನಾರಿಸುವ ಫೂರುಗಳು ಕಲಕಿದ ನೀರಿನಲ್ಲಿ ಜಾತಿಭೇದವನ್ನು ಕಾಣಲಾರದೆ ಬೆರೆತುಹೋಗುವುವೆಂದು ಸೇಹೌಸನ್ ಮೊದಲಾದವರು ೧೯೯೭ರಲ್ಲಿ ಸಿದ್ಧಪಡಿಸಿದರು. ೧೯೭೦ರ ದಶಕದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ನುಗಳಷ್ಟಿದ್ದ ಮೀನಿನ ಉತ್ಪತ್ತಿಯು ೧೯೯೦ರ ಸುಮಾರಿಗೆ ಐದು ಲಕ್ಷಕ್ಕೇರಿದುದನ್ನೂ, ನೀರು ಮೊದಲಿಗಿಂತ ಪುಷ್ಟವಾಗಿತ್ತೆಂದು ಎಣಿಸದೆ ವಿವರಿಸುವುದು ಕಷ್ಟ. ಮೀನನ್ನು ಮೀನು ತಿಂದ ಮಾತ್ರಕ್ಕೆ ಮೀನಿನ ಮೊತ್ತ ಹೆಚ್ಚಲಾರದಷ್ಟೆ.

ಇದರಿಂದ ಪರ್ಚು ನಿರ್ದೋಷಿಯೆಂದು ಹೇಳಿದಂತಾಗಲಿಲ್ಲ. ೧೯೯೦ರ ದಶಕದಲ್ಲಿ ಅದನ್ನು ಅತಿಯಾಗಿ ಹಿಡಿದಾಗ ಫೂರುಗಳಲ್ಲಿ ಕೆಲವು ಮರಳಿ ಕಾಣಿಸಿಕೊಂಡುದು ಗ್ರಂಥಕರ್ತರ ಪಕ್ಷಕ್ಕೆ ಬಲವನ್ನೀಯುವುದು. ನಮ್ಮ ಆಕ್ಷೇಪಣೆಯು ಒಂಟಿ ಅಪರಾಧಿಯನ್ನು ಹುಡುಕುವ ದೃಷ್ಟಿಗೆ ಸೇರಿದುದು. ತಪ್ಪೆಲ್ಲ ಪರ್ಚಿನದೆಂದರೆ ಅದನ್ನು ಹಿಡಿದು ಮುಗಿಸುವುದೇ ಚಿಕಿತ್ಸೆಯಾಗುವುದು. ಹೊಲದಿಂದ ಹರಿದ ಮಣ್ಣೂ ಊರಿನ ಕೊಚ್ಚೆಯೂ ಭಾಗಿಗಳೆಂದರೆ ಚಿಕಿತ್ಸೆಯು ದಡದಿಂದ ಮೊದಲಾಗಬೇಕು. ಪರ್ಚನ್ನೇ ನಂಬಿ ಬಾಳುವ ಬೆಸ್ತರ ಜೀವನವು ಈ ನಿರ್ಣಯವನ್ನು ಅವಲಂಬಿಸಿದೆ. ಮೇಲಣ ಸಾಕ್ಷ್ಯಗಳು ಗ್ರಂಥಕ್ಕಿಂತ ಈಚಿನವಾದುದರಿಂದ ಈ ನ್ಯೂನತೆಗಾಗಿ ಗ್ರಂಥಕರ್ತರನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಅಳಿದುಹೋದ ಲೋಕವೊಂದನ್ನು ಕಂಡವರೇ ಬರೆದ ದಾಖಲೆಯೆಂಬ ಇದರ ಬೆಲೆಯು ಕುಂದತಕ್ಕುದಲ್ಲ.