ಪೈಗೆ ಪರದೆ ಯಾಕೆ?

ಈ ವಾರ ‘ರಾಸ್ಪ್‌ಬೆರಿ ಪೈ ಕನೆಕ್ಟ್’ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬ್ರೌಸರ್ ತೆರೆದರೆ ಸಾಕು, ಎಲ್ಲಿದ್ದರೂ ಮನೆಯ ಪೈ ಎಂಬ ಪುಟ್ಟ ಕಂಪ್ಯೂಟರ್ ಕೈಗೆ ಸಿಗುತ್ತದೆ ಎಂಬ, 2024ರಲ್ಲಿ ಬಂದ ಸವಲತ್ತು ಅದು. ಬರೆಯುತ್ತೇನೆ. ಆದರೆ ಅದಕ್ಕೆ ಮುಂಚೆ ಒಂದು ಹಳೇ ಬಾಕಿ ಚುಕ್ತಾ ಆಗಬೇಕು. ಕನೆಕ್ಟ್ ಬಂದಾಗಿನಿಂದ ಪರದೆ ಪಂಥದವರ ದನಿ ಜೋರಾಗಿದೆ. ‘ಡೆಸ್ಕ್‌ಟಾಪೇ ಬ್ರೌಸರಿನೊಳಗೆ ಬಂದು ಕೂತಿದೆಯಲ್ಲ ಸ್ವಾಮೀ, ಇನ್ನು ನಿಮ್ಮ ಆ ಕಪ್ಪು ಕಿಟಕಿ ಯಾರಿಗೆ ಬೇಕು’ ಎನ್ನುತ್ತಾರೆ.

ನನಗೆ ಬೇಕು. ಯಾಕೆಂದು ಈ ಅಂಕಣದ ಖಾಯಂ ಓದುಗರಿಗೆ ಗೊತ್ತು. ಹೊಸಬರಿಗಾಗಿ, ಮತ್ತು ನನ್ನ ಸಮಾಧಾನಕ್ಕಾಗಿ, ಇನ್ನೊಮ್ಮೆ ಹೇಳುತ್ತೇನೆ.

ಪೈ ಅಟ್ಟದ ಮೇಲೋ ತೋಟದ ಪಂಪ್‌ಹೌಸಿನಲ್ಲೋ ಕೂತಿರುತ್ತದೆ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ಓದಿ ಬರೆದಿಡುವುದಷ್ಟೇ ಅದರ ಕೆಲಸ. ಪರದೆ ಪಂಥದವರು ಇಂಥ ಬಡಪಾಯಿಯ ಮೇಲೆ ಪೂರ್ತಿ ಡೆಸ್ಕ್‌ಟಾಪ್ ಹೇರಿ, ಚೆಂದದ ವಾಲ್‌ಪೇಪರ್ ಹಾಕಿ, ಆ ವಾಲ್‌ಪೇಪರನ್ನು ವೈಫೈ ಮೂಲಕ ತಮ್ಮ ಪಿಸಿಗೆ ತರಿಸಿಕೊಂಡು, ಅಲ್ಲಿ ಮೌಸ್ ಹಿಡಿದು ಟರ್ಮಿನಲ್ ತೆರೆದು, ಅದರಲ್ಲಿ ಒಂದು ಸಾಲು ಕಮಾಂಡ್ ಹೊಡೆಯುತ್ತಾರೆ! 1920×1080ರ ಒಂದು ಪರದೆಯೆಂದರೆ ಇಪ್ಪತ್ತು ಲಕ್ಷ ಚಿಲ್ಲರೆ ಚುಕ್ಕಿ. ಚುಕ್ಕಿಗೆ ನಾಲ್ಕು ಬೈಟ್ ಹಿಡಿದರೂ 80 ಲಕ್ಷ ಬೈಟ್ ದಾಟುತ್ತದೆ. ಪರದೆಯನ್ನು ಹೀಗೆ ದೂರಕ್ಕೆ ಸಾಗಿಸುವ ವಿಎನ್‌ಸಿ ಜಾಣ, ಬದಲಾದ ಚೌಕವನ್ನು ಮಾತ್ರ ಕಳಿಸುತ್ತದೆ, ಅದನ್ನೂ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ, ಒಪ್ಪುತ್ತೇನೆ. ಆದರೂ ಹಿಂಡುವ ಕೆಲಸ ಯಾರ ತಲೆಗೆ? 512 ಎಂಬಿ ಮೆಮೊರಿಯ ‘ಜೀರೋ 2 ಡಬ್ಲ್ಯು’ ತಲೆಗೆ. ಎಸ್‌ಎಸ್‌ಎಚ್‌ನಲ್ಲಾದರೆ, ಅಂದರೆ ಬರೀ ಅಕ್ಷರಗಳನ್ನು ಸಾಗಿಸುವ ಆ ಕಪ್ಪು ಕಿಟಕಿಯಲ್ಲಾದರೆ, ಅದೇ ಕಮಾಂಡ್ ಗುಪ್ತಲಿಪಿಯ ಭಾರವನ್ನೂ ಹೊತ್ತುಕೊಂಡು ಕೆಲವು ನೂರು ಬೈಟ್‌ಗಳಲ್ಲಿ ತಲಪುತ್ತದೆ. ನೆಟ್‌ವರ್ಕ್ ಒಂದೇ ಕಡ್ಡಿ ತೋರಿಸುವ ಮಲೆನಾಡಿನ ಮೂಲೆಯಲ್ಲಿ ಕೂತವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಾಳಿಕೆ. ಪೈ 4ಕ್ಕೆ ಮಾನಿಟರ್ ಸಿಕ್ಕಿಸದೆ ವಿಎನ್‌ಸಿ ಹಚ್ಚಿದವರಿಗೆ ‘ಡೆಸ್ಕ್‌ಟಾಪ್ ತೋರಿಸಲಾಗುತ್ತಿಲ್ಲ’ ಎಂಬ ಸಂದೇಶದ ದರ್ಶನವಾಗಿರುತ್ತದೆ. ಇಲ್ಲದ ಮಾನಿಟರನ್ನು ಇದೆಯೆಂದು ನಂಬಿಸಲು ಒಂದು ಸೆಟ್ಟಿಂಗ್ ಬದಲಿಸಬೇಕಿತ್ತು. ಅದನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುವಷ್ಟರಲ್ಲಿ 2023ರ ಅಕ್ಟೋಬರಿನಲ್ಲಿ ಪೈನ ಆಪರೇಟಿಂಗ್ ಸಿಸ್ಟಮ್‌ನ ‘ಬುಕ್‌ವರ್ಮ್’ ಆವೃತ್ತಿ ಬಂತು, ಪೈ 4 ಮತ್ತು 5ರಲ್ಲಿ ಪರದೆ ಚಿತ್ರಿಸುವ ಎಕ್ಸ್11 ಹೋಗಿ ವೇಲ್ಯಾಂಡ್ ಬಂತು, ಹಳೆಯ ರಿಯಲ್‌ವಿಎನ್‌ಸಿ ಸರ್ವರಿನ ಜಾಗಕ್ಕೆ ವೇವಿಎನ್‌ಸಿ ಬಂತು. ಪಾಠ ಮತ್ತೆ ಮೊದಲಿಂದ. ಎಸ್‌ಎಸ್‌ಎಚ್ ಒಳಗೊಳಗೇ ಎಷ್ಟೋ ಬದಲಾಗಿದೆ. ಪ್ರೋಟೊಕಾಲೇ ಒಂದನೆಯದು ಹೋಗಿ ಎರಡನೆಯದು ಬಂದಿದೆ. ಆದರೆ ನಾವು ಹೊಡೆಯುವ ಸಾಲು 1995ರಿಂದ ಅದೇ: ಎಸ್‌ಎಸ್‌ಎಚ್, ಒಂದು ಹೆಸರು, ಒಂದು ವಿಳಾಸ.

ಪರದೆ ಬೇಡವೇ ಬೇಡ ಎಂದೇನಲ್ಲ. ಮಕ್ಕಳಿಗೆ ಸ್ಕ್ರ್ಯಾಚ್ ಕಲಿಸುವಾಗ ಬೇಕು. ಕ್ಯಾಮೆರಾದ ಫೋಕಸ್ ಕೂಡಿಸುವಾಗ ಬೇಕು. ಮುಗಿಯಿತು ಪಟ್ಟಿ.

ಪರದೆ ಪಂಥದವರಲ್ಲಿ ಹೆಚ್ಚಿನವರು ನನ್ನ ನೆಚ್ಚಿನ ಕೃತಿಯನ್ನು ಓದಿಯೇ ಇಲ್ಲ ಎಂಬುದು ನನ್ನ ಗುಮಾನಿ. ಎಸ್‌ಎಸ್‌ಎಚ್‌ನ ಮ್ಯಾನ್ ಪುಟ, ಅಂದರೆ ಅದರ ಕೈಪಿಡಿ ಅದು. ಜನ ಅದನ್ನು ಹುಡುಕಾಟಕ್ಕೆ ಬಳಸುತ್ತಾರೆ. ಮೊದಲಿಂದ ಕಡೆತನಕ ಓದುವ ಗದ್ಯ ಎಂದು ಯಾರೂ ಎಣಿಸುವುದಿಲ್ಲ. ‘ಎಸ್ಕೇಪ್ ಅಕ್ಷರಗಳು’ ಎಂಬ ಅಧ್ಯಾಯವನ್ನಾದರೂ ಓದಿ. ಅದು ಹೇಳುವುದು ಹೀಗೆ: ಟಿಲ್ಡೆ, ಅಂದರೆ ಕೀಬೋರ್ಡಿನ ಎಡ ಮೇಲ್ಮೂಲೆಯ ಆ ಅಲೆಯ ಗೀಟು, ಸಾಲಿನ ಮೊದಲ ಅಕ್ಷರವಾಗಿ ಬಂದರೆ ಆ ಕಡೆಯ ಯಂತ್ರಕ್ಕೆ ಹೋಗುವುದಿಲ್ಲ, ಈ ಕಡೆಯ ಎಸ್‌ಎಸ್‌ಎಚ್ ಅದನ್ನು ತಾನೇ ಹಿಡಿದುಕೊಂಡು ಮುಂದಿನ ಅಕ್ಷರಕ್ಕೆ ಕಾಯುತ್ತದೆ. ಚುಕ್ಕಿ ಬಂದರೆ ಸಂಪರ್ಕ ಕಡಿಯುತ್ತದೆ. ಪ್ರಶ್ನೆ ಚಿಹ್ನೆ ಬಂದರೆ ತನಗೆ ಗೊತ್ತಿರುವ ಆಜ್ಞೆಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಇನ್ನೊಂದು ಟಿಲ್ಡೆಯೇ ಬಂದರೆ, ಇವನಿಗೆ ನಿಜವಾಗಿಯೂ ಟಿಲ್ಡೆಯೇ ಬೇಕಿತ್ತು ಎಂದು ಒಂದನ್ನು ಆಚೆ ದಾಟಿಸುತ್ತದೆ. ತೋಟದಲ್ಲಿ ಕರೆಂಟ್ ಹೋಗಿ, ನಿಮ್ಮ ಕಿಟಕಿ ಕಲ್ಲಾಗಿ ಕೂತಾಗ ಏನು ಮಾಡುತ್ತೀರಿ? ಕಿಟಕಿಯನ್ನೇ ಮುಚ್ಚುತ್ತೀರಿ. ಬೇಕಿಲ್ಲ. ಎಂಟರ್, ಟಿಲ್ಡೆ, ಚುಕ್ಕಿ. ಒಂದು ಪೈನೊಳಗಿಂದ ಇನ್ನೊಂದು ಪೈಗೆ ಹೋಗಿ ಒಳಗಿನದು ಮಾತ್ರ ಸಿಕ್ಕಿಹಾಕಿಕೊಂಡಿದೆಯೇ? ಎಂಟರ್, ಎರಡು ಟಿಲ್ಡೆ, ಚುಕ್ಕಿ. ಹೊರಗಿನದು ಹಾಗೇ ಉಳಿಯುತ್ತದೆ.

ಅದೇ ಪುಟದಲ್ಲಿ ಹೈಫನ್-ಎಲ್ ಎಂಬ ಆಯ್ಕೆಯಿದೆ. ಪೈ ಮೇಲೆ ನೋಡ್-ರೆಡ್ ತಂತ್ರಾಂಶ 1880ನೇ ಪೋರ್ಟಿನಲ್ಲಿ ಓಡುತ್ತಿದ್ದರೆ, ಆ ಒಂದು ಪೋರ್ಟನ್ನು ಎಸ್‌ಎಸ್‌ಎಚ್ ಸುರಂಗದೊಳಗಿಂದ ನಿಮ್ಮ ಪಿಸಿಗೆ ಎಳೆದುಕೊಂಡು ನಿಮ್ಮದೇ ಬ್ರೌಸರಿನಲ್ಲಿ ತೆರೆಯಬಹುದು. ನೋಡಬೇಕಾದ ಪುಟ ಮಾತ್ರ ಬರುತ್ತದೆ, ವಾಲ್‌ಪೇಪರ್ ಬರುವುದಿಲ್ಲ. ಪುಟದ ಕೊನೆಯಲ್ಲಿ ಕರ್ತೃಗಳ ಸ್ಮರಣೆಯಿದೆ: ಟಾಟು ಯ್ಲೋನೆನ್ ಬರೆದ ಎಸ್‌ಎಸ್‌ಎಚ್ 1.2.12ರಿಂದ ಹುಟ್ಟಿದ್ದು ಈಗಿನ ಓಪನ್‌ಎಸ್‌ಎಸ್‌ಎಚ್, ಥಿಯೋ ಡಿ ರಾಟ್ ಮತ್ತಿತರರು ತಪ್ಪುಗಳನ್ನು ಕಿತ್ತು ಬೆಳೆಸಿದರು ಎಂದು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದಿಯುತ್ತಿದ್ದರೆಂದು ಯ್ಲೋನೆನ್ 1995ರಲ್ಲಿ ಆ ಮೂಲ ಎಸ್‌ಎಸ್‌ಎಚ್ ಬರೆದರು. ಪೋರ್ಟ್ ಸಂಖ್ಯೆಗಳಲ್ಲಿ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23. ನಡುವಿನ 22 ಖಾಲಿ ಇತ್ತು. ಕೊಡುತ್ತೀರಾ ಎಂದು ಅಂತರ್ಜಾಲದ ಸಂಖ್ಯೆ ಹಂಚುವವರಿಗೆ ಒಂದು ಪುಟ್ಟ ಇಮೇಲ್ ಹಾಕಿದರು. ಮರುದಿನವೇ ಕೊಟ್ಟರು. ಇವತ್ತು ಅಂಥದ್ದಕ್ಕೆ ಎಷ್ಟು ಸಮಿತಿ ಕೂರಬೇಕೋ!

ಕನೆಕ್ಟ್‌ಗೆ ಬರೋಣ ಎಂದುಕೊಂಡು ಎದುರಾಳಿಗಳ ವಿಎನ್‌ಸಿಯ ಪೂರ್ವೋತ್ತರ ಕೆದಕಿದೆ. ಅಲ್ಲಿ ಸಿಕ್ಕಿದ ಕಥೆ ಕನೆಕ್ಟ್‌ಗಿಂತ ರುಚಿಯಾಗಿದೆ.

1991. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್. ಟ್ರೋಜನ್ ರೂಮ್ ಎಂಬ ಕೋಣೆಯ ಹೊರಗೆ ಕಾಫಿ ಯಂತ್ರ. (ಫಿಲ್ಟರ್ ಕಾಫಿಯ ನಾಡಿನ ನಾವು ಅದನ್ನು ಕಾಫಿ ಎನ್ನುತ್ತಿದ್ದೆವೋ ಇಲ್ಲವೋ, ಬೇರೆ ಮಾತು.) ಬೇರೆ ಮಹಡಿಗಳಲ್ಲಿ ಕೂತ ಸಂಶೋಧಕರು ಮೆಟ್ಟಿಲಿಳಿದು ಬಂದರೆ ಎಷ್ಟೋ ಸಲ ಜಾರ್ ಖಾಲಿ. ಪಾಲ್ ಜಾರ್ಡೆಟ್ಸ್ಕಿ, ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಎಂಬಿಬ್ಬರು ಜಾರ್‌ಗೆ ಒಂದು ಕ್ಯಾಮೆರಾ ತಿರುಗಿಸಿಟ್ಟು, ಅದರ ತಂತಿಯನ್ನು ರ‍್ಯಾಕಿನಲ್ಲಿದ್ದ ಒಂದು ಕಂಪ್ಯೂಟರಿಗೆ ಕೊಟ್ಟು, ಚಿತ್ರವನ್ನು ಎಲ್ಲರ ಪರದೆಯ ಮೂಲೆಗೆ ತಂದು ಕೂರಿಸಿದರು. 128 ಚುಕ್ಕಿ ಉದ್ದ, 128 ಚುಕ್ಕಿ ಅಗಲದ ಕಪ್ಪುಬಿಳುಪು ಚಿತ್ರ. ನಿಮಿಷಕ್ಕೆ ಮೂರು ಸಲವೋ ಏನೋ ಬದಲಾಗುತ್ತಿತ್ತು. ಜಾರ್ ತುಂಬುವುದೂ ನಿಧಾನವಲ್ಲವೇ, ಸಾಕಾಗಿತ್ತು. 1993ರಲ್ಲಿ ಬ್ರೌಸರುಗಳಿಗೆ ಚಿತ್ರ ತೋರಿಸಲು ಬಂದ ಮೇಲೆ ಅದೇ ಚಿತ್ರ ವೆಬ್‌ಗೆ ಏರಿ, ಜಗತ್ತಿನ ಮೊದಲ ವೆಬ್‌ಕ್ಯಾಮ್ ಎನಿಸಿತು. ಲ್ಯಾಬ್ ಬೇರೆ ಕಟ್ಟಡಕ್ಕೆ ಹೋಗುವ ಹೊತ್ತಿಗೆ, 2001ರ ಆಗಸ್ಟ್ 22ರಂದು, ಕ್ಯಾಮೆರಾ ಆರಿಸಿದರು. ಜಾರ್ 3,350 ಪೌಂಡಿಗೆ ಹರಾಜಾಯಿತು. ಕೊಂಡವರು ಜರ್ಮನಿಯ ‘ಶ್ಪೀಗಲ್ ಆನ್‌ಲೈನ್’.

ಸ್ಟಾಫರ್ಡ್-ಫ್ರೇಸರ್ ಅದೇ ಊರಿನ ಒಲಿವೆಟ್ಟಿ ಪ್ರಯೋಗಾಲಯಕ್ಕೆ ಹೋದರು. ವಿಎನ್‌ಸಿ ರೂಪಿಸಿದ ತಂಡದಲ್ಲಿದ್ದರು. 1998ರ ಅದರ ಮೂಲ ಪ್ರಬಂಧದ ಮೇಲೆ ಅವರ ಹೆಸರಿದೆ. ಆ ಪ್ರಯೋಗಾಲಯ 2002ರಲ್ಲಿ ಮುಚ್ಚಿದಾಗ ಅಲ್ಲಿದ್ದವರೇ ಕೆಲವರು ರಿಯಲ್‌ವಿಎನ್‌ಸಿ ಕಟ್ಟಿದರು. ಅಂದರೆ ಪರದೆ ಪಂಥದ ಮೂಲಪುರುಷರಲ್ಲಿ ಒಬ್ಬರು ಕಾಫಿ ಜಾರ್ ಕಾದವರು.

ಮಜಾ ಇರುವುದು ರ‍್ಯಾಕಿನಲ್ಲಿದ್ದ ಆ ಕಂಪ್ಯೂಟರಿನಲ್ಲಿ. ಅದು ಏಕಾರ್ನ್ ಆರ್ಕಿಮಿಡೀಸ್. ಅದರೊಳಗಿನ ಚಿಪ್ ಎಆರ್‌ಎಂ. ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ ಆ ಚಿಪ್ ಮೊದಲು ಉಸಿರಾಡಿದ್ದು 1985ರ ಏಪ್ರಿಲ್ 26ರಂದು. 2012ರ ಫೆಬ್ರವರಿ 29ಕ್ಕೆ 35 ಡಾಲರಿನ ಪೈ ಮಾರಾಟಕ್ಕೆ ಬಂದಾಗ ಅದರೊಳಗೆ ಇದ್ದದ್ದು ಇದೇ ವಂಶದ ಕುಡಿ, ಪೈ ಹುಟ್ಟಿದ್ದೂ ಅದೇ ಊರಿನಲ್ಲಿ. ಪೈ ಕಟ್ಟಿದ ಎಬೆನ್ ಅಪ್ಟನ್ ಆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ವಿಂಡೋಸಿನಿಂದ ಪೈಗೆ ಹೋಗಲು ನಾವೆಲ್ಲ ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಪುಟ್ಟಿ ಎಂಬ ಎಸ್‌ಎಸ್‌ಎಚ್ ತಂತ್ರಾಂಶ ಬರೆದ ಸೈಮನ್ ಟ್ಯಾಥಮ್ ಕೂಡ ಕೇಂಬ್ರಿಜ್‌ನವರೇ. (2018ರಿಂದ ವಿಂಡೋಸ್ 10ರಲ್ಲೇ ಓಪನ್‌ಎಸ್‌ಎಸ್‌ಎಚ್ ಇದೆ, ಪುಟ್ಟಿಗೆ ಕೃತಜ್ಞತೆ ಹೇಳಿ ಬೀಳ್ಕೊಡಬಹುದು.) ಒಂದು ಊರು ಇಷ್ಟೆಲ್ಲ ಹೆತ್ತಿದೆ.

ಪರದೆ ಪಂಥದವರು ಈ ಕಥೆ ಕೇಳಿ ಬೀಗುವುದು ಬೇಡ. ಜಾರ್ ಕಾದವರು ಕಾಫಿ ಯಂತ್ರದ ಪಕ್ಕ ಡೆಸ್ಕ್‌ಟಾಪ್ ಹೂಡಲಿಲ್ಲ. ತಿಳಿಯಬೇಕಾದದ್ದು ಒಂದೇ ಸಂಗತಿ, ಕಾಫಿ ಇದೆಯೋ ಇಲ್ಲವೋ. ಅದಕ್ಕೆ 128×128 ಚುಕ್ಕಿ ಸಾಕೆಂದು ಅಷ್ಟೇ ಕಳಿಸಿದರು. ತೊಟ್ಟಿಯಲ್ಲಿ ನೀರೆಷ್ಟು ಎಂದು ತಿಳಿಯಲು ಎರಡು ಅಂಕಿ ಸಾಕು. ಆ ಮನೆತನದ ನಿಜವಾದ ವಾರಸುದಾರರು ನಾವು.

ಜಾಗ ಮುಗಿಯುತ್ತಿದೆ, ಕನೆಕ್ಟ್ ಬಗ್ಗೆ ನಾಲ್ಕು ಮಾತು. ನಮ್ಮ ದೇಶದಲ್ಲಿ ಅದಕ್ಕೆ ನಿಜವಾದ ಕೆಲಸವಿದೆ. ರೂಟರಿನ ಹೊರವಿಳಾಸ 100.64ರಿಂದ 100.127ರ ಒಳಗಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ತಿದ್ದಿದರೂ ಹೊರಗಿಂದ ಬಾಗಿಲು ತೆರೆಯುವುದಿಲ್ಲ. ಕನೆಕ್ಟ್ ಪೈ ಕಡೆಯಿಂದಲೇ ಹೊರಗೆ ಕೈಚಾಚುವುದರಿಂದ ಈ ಗೋಡೆ ದಾಟುತ್ತದೆ. ಎರಡೂ ಕಡೆ ನೇರ ಕೂಡಿಕೊಳ್ಳಲಾಗದಿದ್ದರೆ ನಡುವಿನ ರಿಲೇ ಸರ್ವರ್ ಮೂಲಕ ಹಾಯುತ್ತದೆ. ಟೇಲ್‌ಸ್ಕೇಲ್ ಎಂಬ ಸೇವೆ ಕೂಡ ಇದೇ ಕೆಲಸವನ್ನು ವೈರ್‌ಗಾರ್ಡ್ ಸುರಂಗದ ಮೇಲೆ ಮಾಡುತ್ತದೆ, ಅದರೊಳಗೆ ನಿಮ್ಮ ಮಾಮೂಲಿ ಎಸ್‌ಎಸ್‌ಎಚ್ ಹಾಗೇ ನಡೆಯುತ್ತದೆ. ನನ್ನ ಓಟು ಅದಕ್ಕೆ. ಕನೆಕ್ಟ್ ಬಳಸುವವರೂ ಅದರ ರಿಮೋಟ್ ಶೆಲ್ ಬಳಸಿ, ಸ್ಕ್ರೀನ್ ಶೇರಿಂಗ್ ಬಿಡಿ.

ಕೊನೆಗೆ ಪಾಸ್‌ವರ್ಡ್. ಪೈನ ಮೊದಲ ವರ್ಷಗಳಲ್ಲಿ ಎಸ್‌ಎಸ್‌ಎಚ್ ತೆರೆದೇ ಬರುತ್ತಿತ್ತು, ಹೆಸರು ‘ಪೈ’, ಪಾಸ್‌ವರ್ಡ್ ‘ರಾಸ್ಪ್‌ಬೆರಿ’, ಜಗತ್ತಿಗೆಲ್ಲ ಒಂದೇ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರುಗಳನ್ನು ಹಿಡಿದು ‘ಮಿರಾಯ್’ ಎಂಬ ಕುತಂತ್ರಾಂಶ 2016ರಲ್ಲಿ ದೊಡ್ಡ ದೊಡ್ಡ ತಾಣಗಳನ್ನೇ ಮಲಗಿಸಿದ ಮೇಲೆ, ಆ ನವೆಂಬರಿನಲ್ಲಿ ಪೈನವರು ಎಸ್‌ಎಸ್‌ಎಚ್ ಮುಚ್ಚಿ ಕಳಿಸತೊಡಗಿದರು. ‘ಪೈ’ ಎಂಬ ಸಿದ್ಧ ಹೆಸರು ಹೋಗಿದ್ದು 2022ರ ಏಪ್ರಿಲ್‌ನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಿಮ್ಮ ಹಳೆಯ ಎಸ್‌ಡಿ ಕಾರ್ಡುಗಳಲ್ಲಿ ಆ ಬಾಗಿಲು ಈಗಲೂ ತೆರೆದಿರಬಹುದು. ಈ ಭಾನುವಾರ ಒಂದು ಎಸ್‌ಎಸ್‌ಎಚ್ ಕೀ ಮಾಡಿಸಿ ಪೈಗೆ ಕಳಿಸಿ, ಕೀಯಿಂದ ಒಳಗೆ ಹೋಗಲು ಆಗುತ್ತದೆಂದು ಖಾತ್ರಿ ಮಾಡಿಕೊಂಡು, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿಬಿಡಿ. ಎಸ್‌ಎಸ್‌ಎಚ್ ಸೇವೆಯನ್ನು ರೀಸ್ಟಾರ್ಟ್ ಮಾಡುವಾಗ ಈಗಾಗಲೇ ಒಳಗಿರುವ ಕಿಟಕಿಯನ್ನು ಮುಚ್ಚಬೇಡಿ. ಇನ್ನೊಂದು ಕಿಟಕಿಯಿಂದ ಹೊಸದಾಗಿ ಒಳಗೆ ಹೋಗಿ ನೋಡಿ, ಆಮೇಲೆ ಮುಚ್ಚಿ. ಪೈ ಪಂಪ್‌ಹೌಸಿನಲ್ಲಿದ್ದರಂತೂ ಇದನ್ನು ಮರೆಯಲೇಬೇಡಿ.