ಬಲಗಾಲಿನ ಕೆಲಸ

ಕಾರು ಓಡಿಸುವವರ ಹದ ತಿಳಿಯಬೇಕಾದರೆ ಹಿಂದಿನ ಸೀಟಿನಲ್ಲಿ ಕೂರಬೇಕು. ಗೇರ್ ಬಿದ್ದಾಗಲೆಲ್ಲ ತಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತೂಗುತ್ತಿದ್ದರೆ ಗಾಡಿ ಎಷ್ಟೇ ದುಬಾರಿಯದಾಗಿರಲಿ, ಪ್ರಯಾಣ ಮಾತ್ರ ಆಯಾಸದ್ದು. ಘಾಟಿಯಲ್ಲಿ ಹೊಟ್ಟೆ ತೊಳೆಸುವುದಕ್ಕೆ ನಾವು ತಿರುವುಗಳನ್ನು ದೂರುತ್ತೇವೆ. ಅರ್ಧ ತಪ್ಪು ಈ ಜಗ್ಗಾಟದ್ದು. ಗೇರ್ ಬದಲಾದದ್ದು ಕಿವಿಗೆ ಕೇಳಿಸಬೇಕು, ಮೈಗೆ ತಿಳಿಯಬಾರದು. ಹಾಗೆ ಓಡಿಸುವವರು ಸಿಕ್ಕರೆ ನಾನು ಕಿಟಕಿಯಾಚೆಯ ಕಾಡನ್ನು ಬಿಟ್ಟು ಅವರ ಕಾಲುಗಳನ್ನೇ ನೋಡುತ್ತೇನೆ.

ಡ್ರೈವಿಂಗ್ ಸ್ಕೂಲಿನಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೂ ಕೇಳುವ ಮಾತು ಒಂದೇ: ‘ಕ್ಲಚ್ ನಿಧಾನಕ್ಕೆ ಬಿಡಿ ಸರ್, ನಿಧಾನಕ್ಕೆ.’ ನಿಂತ ಗಾಡಿಯನ್ನು ಹೊರಡಿಸುವಾಗ ಇದು ಸರಿ. ಆದರೆ ಅದೇ ಮಾತನ್ನು ಎಲ್ಲ ಗೇರಿಗೂ ಹೇಳಿ, ಹೊಣೆಯನ್ನೆಲ್ಲ ಎಡಗಾಲಿನ ಮೇಲೆ ಹಾಕಿ, ಬಲಗಾಲಿಗೆ ಏನನ್ನೂ ಕಲಿಸದೆ ಕಳಿಸಿಬಿಡುತ್ತಾರೆ. ನಯವಾದ ಓಡಿಕೆ ಬರುವುದು ಬಲಗಾಲಿನಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ.

ಕಾರಣ ಸರಳ. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಸುತ್ತುತ್ತಿರುತ್ತದೆ. ಅದಕ್ಕೆ ಎದುರಾಗಿ ಕ್ಲಚ್ ಪ್ಲೇಟ್; ಅದರ ಹಿಂದೆ ಗೇರ್‌ಬಾಕ್ಸ್, ಆಮೇಲೆ ಚಕ್ರಗಳು. ಪೆಡಲ್ ಒತ್ತಿದರೆ ಎರಡೂ ಬೇರೆಯಾಗುತ್ತವೆ, ಬಿಟ್ಟರೆ ಕೂಡುತ್ತವೆ. ಕೂಡುವ ಗಳಿಗೆಯಲ್ಲಿ ಎರಡರ ವೇಗವೂ ಒಂದೇ ಆಗಿದ್ದರೆ ಏನೂ ಆಗುವುದಿಲ್ಲ. ವ್ಯತ್ಯಾಸವಿದ್ದರೆ ಅದು ಎಲ್ಲಾದರೂ ಹೋಗಲೇಬೇಕು: ಪೆಡಲನ್ನು ಥಟ್ಟನೆ ಬಿಟ್ಟರೆ ಜರ್ಕ್ ಆಗಿ ನಮ್ಮ ಕತ್ತಿಗೆ, ನಿಧಾನಕ್ಕೆ ಬಿಟ್ಟರೆ ಬಿಸಿಯಾಗಿ ಪ್ಲೇಟಿಗೆ. ಓಡುವ ಬಸ್ಸು ಹತ್ತುವವನು ಮೊದಲು ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ ಆಮೇಲೆ ಕಂಬಿ ಹಿಡಿಯುತ್ತಾನಲ್ಲ, ಎಂಜಿನ್ನೂ ಹಾಗೆಯೇ ಮೊದಲು ಚಕ್ರದ ವೇಗಕ್ಕೆ ಬರಬೇಕು. ಅದನ್ನು ಅಲ್ಲಿಗೆ ತರುವುದು ಎಕ್ಸಲರೇಟರ್, ಎಂದರೆ ಬಲಗಾಲು.

ನಮ್ಮ ಸಾಮಾನ್ಯ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮೂರನೇ ಗೇರಿನಲ್ಲಿ 40 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುತ್ತದೆ. ಅದೇ ವೇಗದಲ್ಲಿ ಎರಡನೇ ಗೇರಿಗೆ ಇಳಿಸಿದರೆ 3000ದ ಹತ್ತಿರ ತಿರುಗಬೇಕು. ಆ ಸಾವಿರ ಸುತ್ತನ್ನು ಯಾರು ಕೊಡಬೇಕು? ಬಹಳ ಮಂದಿ ಕ್ಲಚ್ ಒತ್ತಿದ ಕೂಡಲೇ ಬಲಗಾಲನ್ನು ಪೂರ್ತಿ ಎತ್ತಿಬಿಡುತ್ತಾರೆ. ಎಂಜಿನ್ 2000ದಿಂದಲೂ ಕೆಳಗಿಳಿಯುತ್ತದೆ, ಕ್ಲಚ್ ಬಿಟ್ಟಾಗ ಚಕ್ರಗಳು ಅದನ್ನು ದರದರ ಎಳೆದು ಮೇಲಕ್ಕೆ ತರುತ್ತವೆ, ಗಾಡಿ ಮುಗ್ಗರಿಸುತ್ತದೆ. ಗೇರ್ ಇಳಿಸುವ ಹೊತ್ತಿನಲ್ಲೇ ಎಕ್ಸಲರೇಟರನ್ನು ಒಮ್ಮೆ ಮುಟ್ಟಿ, ದನಿ ಮೇಲೇರಿದ ಕ್ಷಣದಲ್ಲಿ ಕ್ಲಚ್ ಬಿಟ್ಟರೆ ಮುಗಿಯಿತು. ಮೇಲಿನ ಗೇರಿಗೆ ಹೋಗುವಾಗ ಲೆಕ್ಕ ತಿರುಗುಮುರುಗು: ಸುತ್ತು ಇಳಿಯಬೇಕು, ಇಳಿಯುವಷ್ಟು ಹೊತ್ತು ಕಾಯಬೇಕು. ಒಂದಕ್ಕೂ ಎರಡಕ್ಕೂ ನಡುವಿನ ಅಂತರ ಎಲ್ಲಕ್ಕಿಂತ ದೊಡ್ಡದು, ಸುತ್ತು ಹತ್ತಿರಹತ್ತಿರ ಅರ್ಧಕ್ಕೆ ಬೀಳಬೇಕು. ಹೊಸಬರಿಗೆ ಹೆಚ್ಚು ಜರ್ಕ್ ಹೊಡೆಯುವುದು ಅಲ್ಲಿಯೇ. ಲಿವರನ್ನು ನ್ಯೂಟ್ರಲ್ಲಿನಲ್ಲಿ ಒಂದು ಉಸಿರು ತಡೆದು ಎರಡಕ್ಕೆ ಹಾಕಿ ನೋಡಿ.

ಹಳೆಯ ಬಸ್ಸು ಲಾರಿಗಳ ಡ್ರೈವರುಗಳಿಗೆ ಇದು ಶೋಕಿಯಲ್ಲ, ಗತ್ಯಂತರವಿಲ್ಲದ ಕೆಲಸವಾಗಿತ್ತು. ಗೇರುಗಳ ವೇಗವನ್ನು ತಾನೇ ಸರಿದೂಗಿಸುವ ಸಿಂಕ್ರೋಮೆಶ್ ಅನ್ನು ಅಮೆರಿಕದ ಕ್ಯಾಡಿಲಾಕ್ ಕಂಪನಿ 1928ರಲ್ಲೇ ಕಾರಿಗೆ ತಂದಿತ್ತು. ನಮ್ಮ ದೊಡ್ಡ ಗಾಡಿಗಳು ಮಾತ್ರ ಆಮೇಲೂ ಬಹುಕಾಲ ಅದಿಲ್ಲದೆಯೇ ಓಡಿದವು. ಆ ಕಾಲದವರು ಘಾಟಿಯ ಏರಿನಲ್ಲಿ ಗೇರ್ ಇಳಿಸುವುದನ್ನು ನೋಡಬೇಕು. ಕ್ಲಚ್ ಒತ್ತಿ ನ್ಯೂಟ್ರಲ್, ಕಾಲು ಮೇಲೆ, ಎಕ್ಸಲರೇಟರಿಗೆ ಒಂದು ತುಳಿತ, ‘ವ್ರೂಂ’, ಮತ್ತೆ ಕ್ಲಚ್, ಲಿವರ್ ಬೆಣ್ಣೆಗೆ ಇಳಿದಂತೆ ಒಳಗೆ. ಇದೇ ಡಬಲ್ ಕ್ಲಚ್. ಅವರ ಕಣ್ಣು ಮೀಟರಿನ ಮೇಲಿರುತ್ತಿರಲಿಲ್ಲ, ಕಿವಿ ಎಂಜಿನ್ನಿನ ಮೇಲಿರುತ್ತಿತ್ತು. ಇಂದಿನ ಕಾರಿಗೆ ಎರಡು ಸಲ ಕ್ಲಚ್ ಒತ್ತುವ ಅಗತ್ಯವಿಲ್ಲ. ಆ ‘ವ್ರೂಂ’ ಮಾತ್ರ ಈಗಲೂ ಬೇಕು, ಸಿಂಕ್ರೋಮೆಶ್ ಗೇರುಗಳನ್ನು ಕೂಡಿಸುತ್ತದೆಯೇ ಹೊರತು ಎಂಜಿನ್ನಿನ ವೇಗವನ್ನು ಏರಿಸುವುದಿಲ್ಲ.

ಏರಿನಲ್ಲಿ ನಿಂತು ಹೊರಡುವುದು ಇನ್ನೊಂದು ಪರೀಕ್ಷೆ. ಸೋಮೇಶ್ವರದಿಂದ ಆಗುಂಬೆ ಹತ್ತುವಾಗ 14 ಹೇರ್‌ಪಿನ್ ತಿರುವುಗಳು. ಯಾವುದಾದರೊಂದರಲ್ಲಿ ಮುಂದಿನ ಗಾಡಿ ನಿಂತೇ ನಿಲ್ಲುತ್ತದೆ. ಆಗ ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ತೂಗಿಸಿಕೊಂಡು ನಿಲ್ಲುವವರನ್ನು ಕಂಡರೆ ನನಗೆ ಆ ಪ್ಲೇಟಿನ ಮೇಲೆ ಮರುಕ. ಸುಟ್ಟ ವಾಸನೆ ಬರುವಷ್ಟರಲ್ಲಿ ಅದರ ಆಯಸ್ಸು ಕರಗಿರುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಿರಿ, ಎರಡೂ ಕಾಲಿಗೆ ವಿಶ್ರಾಂತಿ ಕೊಡಿ. ಹೊರಡುವಾಗ ಒಂದನೇ ಗೇರ್, ಸ್ವಲ್ಪ ಎಕ್ಸಲರೇಟರ್, ಕ್ಲಚ್ ಮೆಲ್ಲಗೆ ಮೇಲಕ್ಕೆ. ಒಂದು ಹಂತದಲ್ಲಿ ಎಂಜಿನ್ ದನಿ ತುಸು ಭಾರವಾಗುತ್ತದೆ, ಬಾನೆಟ್ಟು ಎಳ್ಳಷ್ಟು ಮೇಲೇಳುತ್ತದೆ. ಎಡಗಾಲನ್ನು ಅಲ್ಲೇ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಇಳಿಸಿದರೆ ಗಾಡಿ ಹಿಂದಕ್ಕೆ ಒಂದಂಗುಲವೂ ಜಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಲೈಸೆನ್ಸ್ ಪರೀಕ್ಷೆಯಲ್ಲಿ ಕೇಳುವ ಕೌಶಲಗಳಲ್ಲಿ ಇದೂ ಒಂದು. ಇಳಿಜಾರಿನಲ್ಲಿ ಚುರುಕಾಗಿ ಕೆಳಗಿನ ಗೇರಿಗೆ ಬರುವುದು ಇನ್ನೊಂದು. ಎಂಟು ಹಾಕುವುದಕ್ಕೆ ಪಡುವ ಕಷ್ಟದಲ್ಲಿ ಕಾಲುಭಾಗವನ್ನಾದರೂ ಇವೆರಡಕ್ಕೆ ಪಡಬೇಕು.

ಇಳಿಯುವಾಗಿನ ಮಾತಂತೂ ಜೀವದ ಪ್ರಶ್ನೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಘಾಟಿ ಡ್ರೈವರುಗಳ ಹಳೆಯ ನಿಯಮ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಚಾರ್ಮಾಡಿ ಇಳಿಯುವವರು ಇನ್ನೂ ಇದ್ದಾರೆ. ಇಂಜೆಕ್ಷನ್ ಎಂಜಿನ್ನುಗಳಲ್ಲಿ ಉಳಿತಾಯ ಇರುವುದು ಗೇರಿನಲ್ಲಿ: ಎಕ್ಸಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಎಂಜಿನ್ನಿಗೆ ಇಂಧನವೇ ನಿಂತುಹೋಗುತ್ತದೆ, ನ್ಯೂಟ್ರಲ್ಲಿನಲ್ಲಾದರೆ ಅದನ್ನು ಆರದಂತೆ ಉಳಿಸಲು ಪೆಟ್ರೋಲ್ ಸುಡಬೇಕು. ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಿದರಂತೂ ನಾಲ್ಕಾರು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ.

ಆಟೊಮ್ಯಾಟಿಕ್ ಬಂತಲ್ಲ, ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮಲ್ಲಿ ಶುರುವಾದ ಎಎಂಟಿ ಕಾರುಗಳ ಒಳಗೆ ಇರುವುದು ಇದೇ ಕ್ಲಚ್, ಇದೇ ಗೇರ್‌ಬಾಕ್ಸ್. ಒತ್ತುವ ಕೆಲಸ ಮಾತ್ರ ಯಂತ್ರದ್ದು. ಗೇರ್ ಬದಲಾಗುವಾಗ ಗಾಡಿ ತಲೆಯಾಡಿಸುತ್ತದೆಂದು ಅವುಗಳ ಮಾಲೀಕರು ದೂರುತ್ತಾರೆ. ಸುತ್ತು ಏರಿ, ಈಗ ಬದಲಾಗುತ್ತದೆಂದು ಕಿವಿಗೆ ತಿಳಿಯುವ ಹೊತ್ತಿಗೆ ಬಲಗಾಲನ್ನು ಸ್ವಲ್ಪ ಸಡಿಲಿಸಿ, ಮುಂದಿನ ಗೇರ್ ಹಿಡಿದ ಮೇಲೆ ಮತ್ತೆ ಒತ್ತಿದರೆ ಆ ತಲೆಯಾಟ ಬಹುಪಾಲು ನಿಲ್ಲುತ್ತದೆ.